ಅಕ್ಟೋಬರಲ್ಲಿ ವಿಯೆಟ್ನಾಂ: ಏಜೆಂಟ್ ಬೆಸ್ಟ್ ಸೀಸನ್ ಅಂತಾರೆ, ಭಾವ ಪ್ರವಾಹ ಅಂತಾರೆ, ಯಾರ ಮಾತು ನಿಜ?

ಪ್ರಶ್ನೆ: ಮೇಡಂ ನಮಸ್ತೆ. ನಾವು ಶಿವಮೊಗ್ಗದವರು. ಅಪ್ಪಂಗೆ 68, ಅಮ್ಮಂಗೆ 63, ನಾನು, ನನ್ನ ಹೆಂಡ್ತಿ, 8 ವರ್ಷದ ಮಗಳು, ಒಟ್ಟು ಐದು ಜನ. ದಸರಾ ರಜೆಲಿ, ಅಂದ್ರೆ ಅಕ್ಟೋಬರ್ ಎರಡನೇ ಮೂರನೇ ವಾರ, ವಿಯೆಟ್ನಾಂಗೆ ಹೋಗ್ಬೇಕು ಅಂತಿದೀವಿ. ಅಪ್ಪ ಅಮ್ಮಂಗೆ ಇದು ಮೊದಲ ವಿದೇಶ ಪ್ರವಾಸ. ಒಬ್ಬ ಏಜೆಂಟ್ 9 ರಾತ್ರಿ ಪ್ಲಾನ್ ಕೊಟ್ಟಿದಾರೆ: ಹನೋಯ್ 1, ಸಾಪಾ 1, ಹಾ ಲಾಂಗ್ ಹಡಗಲ್ಲಿ 1, ದಾ ನಾಂಗ್ ಮತ್ತೆ ಹೊಯಿ ಆನ್ ಸೇರಿ 2, ಸೈಗಾನ್ (ಅಂದ್ರೆ ಹೋ ಚಿ ಮಿನ್ ಸಿಟಿ) 2, ಫು ಕ್ವಾಕ್ ದ್ವೀಪ 2. ಅಕ್ಟೋಬರ್ ಬೆಸ್ಟ್ ಸೀಸನ್ ಅಂತ ಅವ್ರು ಹೇಳ್ತಾರೆ. ಆದ್ರೆ ನಮ್ಮ ಭಾವ ಅದೇ ತಿಂಗಳಲ್ಲಿ ಹೋಗಿ ಮೊಣಕಾಲುದ್ದ ನೀರಲ್ಲಿ ನಡ್ಕೊಂಡು ಹೋಟೆಲ್ ಸೇರಿದ್ವಿ ಅಂತಾರೆ. ಯಾರನ್ನ ನಂಬೋದು? ಅಪ್ಪಂಗೆ ಮಂಡಿ ನೋವು. ಅಮ್ಮ ಈರುಳ್ಳಿ ಬೆಳ್ಳುಳ್ಳಿನೂ ಮುಟ್ಟಲ್ಲ, ಅಲ್ಲಿ ನಾಯಿ ಹಾವು ಬಿಟ್ರೆ ತಿನ್ನೋಕೆ ಏನೂ ಸಿಗಲ್ಲ ಅಂತ ಪಕ್ಕದ ಮನೆಯವರು ಹೆದರಿಸಿಟ್ಟಿದಾರೆ. ಫು ಕ್ವಾಕ್‌ಗೆ ಹೋಗೋರಿಗೆ ವೀಸಾನೇ ಬೇಡ ಅಂತಾರಲ್ಲ, ನಿಜಾನಾ? ನಂಗೆ ಒಂದೆರಡು ದಿನ ಬೈಕ್ ಬಾಡಿಗೆಗೆ ತಗೊಂಡು ಓಡಿಸೋ ಆಸೆನೂ ಇದೆ. ಮಗಳಂತೂ ಹೊಯಿ ಆನ್ ಲಾಟೀನಿನ ಚಿತ್ರ ಬರ್ದು ಫ್ರಿಜ್ ಮೇಲೆ ಅಂಟಿಸಿದಾಳೆ. ಏನ್ ಮಾಡೋದು ಹೇಳಿ.

ಉತ್ತರ: ನಿಮ್ಮ ಏಜೆಂಟೂ ಸುಳ್ಳು ಹೇಳಿಲ್ಲ, ನಿಮ್ಮ ಭಾವನೂ ಸುಳ್ಳು ಹೇಳಿಲ್ಲ. ಏಜೆಂಟ್ ಮನಸಲ್ಲಿರೋದು ಉತ್ತರದ ಹನೋಯ್, ಭಾವ ನೆನೆದು ಬಂದಿರೋದು ಮಧ್ಯದ ಕರಾವಳಿಯ ಹೊಯಿ ಆನ್ ಕಡೆ. ತಿಂಗಳು ಒಂದೇ, ದೇಶ ಒಂದೇ, ಹವಾಮಾನ ಮಾತ್ರ ಬೇರೆ ಬೇರೆ. ಹದಿಮೂರು ವರ್ಷದಿಂದ ಕರ್ನಾಟಕದ ಕುಟುಂಬಗಳನ್ನ ಅಲ್ಲಿಗೆ ಕರ್ಕೊಂಡು ಹೋಗ್ತಿದೀನಿ, ಅತಿ ಹೆಚ್ಚು ಸಲ ಕೇಳಿರೋ ಪ್ರಶ್ನೆ ಅಂದ್ರೆ "ವಿಯೆಟ್ನಾಂಗೆ ಯಾವ ತಿಂಗಳು ಒಳ್ಳೇದು" ಅನ್ನೋದು, ಮತ್ತೆ ಆ ಪ್ರಶ್ನೆಗೆ ಉತ್ತರನೇ ಇಲ್ಲ. ನಿಮ್ಮ ಹತ್ರ ಇರೋ ತಿಂಗಳಲ್ಲಿ ವಿಯೆಟ್ನಾಂನ ಯಾವ ಭಾಗ ಚೆನ್ನಾಗಿರುತ್ತೆ ಅಂತ ಕೇಳ್ಬೇಕು, ಅದಕ್ಕೆ ಉತ್ತರ ಇದೆ.

ನಿಮ್ಮ ಪತ್ರ ಎರಡು ಸಲ ಓದ್ದೆ. ಮಳೆ ಬಗ್ಗೆ ಕೇಳಿದೀರಿ ನಿಜ, ಆದ್ರೆ ಒಳಗಿರೋ ಚಿಂತೆ ಅದಲ್ಲ ಅನ್ಸುತ್ತೆ. ಅಪ್ಪ ಅಮ್ಮನ್ನ ಜೀವನದಲ್ಲಿ ಮೊದಲ ಸಲ ಹೊರದೇಶಕ್ಕೆ ಕರ್ಕೊಂಡು ಹೋಗ್ತಿದೀರಿ, ಮತ್ತೆ ಯಾವಾಗಲೋ ಗೊತ್ತಿಲ್ಲ, ಆದ್ದರಿಂದ ಒಂದೇ ಸಲಕ್ಕೆ ಎಲ್ಲಾ ತೋರಿಸಿಬಿಡ್ಬೇಕು, ಅದ್ರಲ್ಲಿ ಏನಾದ್ರೂ ಎಡವಟ್ಟಾದ್ರೆ ಅವ್ರು ಬಾಯಿಬಿಟ್ಟು ಹೇಳ್ದೆ ಒಳಗೊಳಗೇ ಸುಸ್ತಾಗ್ತಾರೆ ಅನ್ನೋ ಭಯ. ಆ ಭಯ ಸರಿಯಾಗೇ ಇದೆ. ಹಾಗಾಗಿ ಬಿಡಿಸಿ ಹೇಳ್ತೀನಿ.

ಮೊದ್ಲು ಆ ದೇಶದ ಆಕಾರ ನೋಡಿ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 1,650 ಕಿಲೋಮೀಟರ್ ಉದ್ದ, ಕಾಗೆ ಹಾರೋ ದಾರಿಲಿ ಬೆಂಗಳೂರಿಂದ ದೆಹಲಿ ಎಷ್ಟು ದೂರನೋ ಹೆಚ್ಚುಕಮ್ಮಿ ಅಷ್ಟು. ಆದ್ರೆ ಮಧ್ಯದಲ್ಲಿ ತೀರಾ ಸಪೂರ ಇರೋ ಕಡೆ ಸಮುದ್ರದಿಂದ ಲಾವೋಸ್ ಗಡಿಗೆ ಬರೀ 50 ಕಿಲೋಮೀಟರ್. ಆ ಮಧ್ಯ ಭಾಗದ ಉದ್ದಕ್ಕೂ ಪಶ್ಚಿಮದ ಕಡೆ ಟ್ರುವಾಂಗ್ ಸಾನ್ ಅನ್ನೋ ಬೆಟ್ಟದ ಸಾಲು ನಿಂತಿದೆ, ನಮ್ಮ ಘಟ್ಟ ಇದ್ದ ಹಾಗೆ. ನೀವು ಶಿವಮೊಗ್ಗದವರು, ನಿಮಗೆ ಇದು ಬೇಗ ಅರ್ಥ ಆಗುತ್ತೆ: ಜುಲೈಲಿ ಆಗುಂಬೆಲಿ ಕೊಡೆ ಹಿಡಿಯೋಕೂ ಆಗದ ಹಾಗೆ ಸುರೀತಿರುತ್ತೆ, ಅದೇ ದಿನ ಚಿತ್ರದುರ್ಗದ ಕಡೆ ಹೋದ್ರೆ ಬರೀ ಗಾಳಿ ಮತ್ತೆ ಧೂಳು. ಘಟ್ಟ ಮಳೆನ ಒಂದು ಮಗ್ಗುಲಲ್ಲೇ ಇಳಿಸ್ಕೊಂಡು ಬಿಡುತ್ತೆ. ಅಲ್ಲೂ ಅದೇ ಆಗೋದು. ಮೇ ತಿಂಗಳಿಂದ ನೈಋತ್ಯ ಮುಂಗಾರು ಬಂದಾಗ ಮಳೆಯೆಲ್ಲಾ ಬೆಟ್ಟದ ಆ ಕಡೆ, ಲಾವೋಸ್ ಮತ್ತೆ ದಕ್ಷಿಣದ ಸೈಗಾನ್ ಭಾಗಕ್ಕೆ ಬೀಳುತ್ತೆ, ಮಧ್ಯದ ಕರಾವಳಿಗೆ ಬೆಟ್ಟ ಇಳಿದು ಒಣ ಬಿಸಿ ಗಾಳಿ ಬೀಸುತ್ತೆ, ಅದನ್ನ ಅಲ್ಲಿನವರು ಲಾವೋ ಗಾಳಿ ಅಂತಾರೆ. ಸೆಪ್ಟೆಂಬರ್ ದಾಟಿದ ಮೇಲೆ ಗಾಳಿ ತಿರುಗುತ್ತೆ, ಈಶಾನ್ಯದಿಂದ ಸಮುದ್ರದ ಮೇಲೆ ಹಾದು ತೇವ ಹೊತ್ಕೊಂಡು ಬಂದು ಅದೇ ಬೆಟ್ಟಕ್ಕೆ ಈ ಕಡೆಯಿಂದ ಹೊಡೆಯುತ್ತೆ. ಚೆನ್ನೈಗೆ ನವೆಂಬರಲ್ಲಿ ಯಾಕೆ ಮಳೆ ಅಂತ ಗೊತ್ತಲ್ಲ, ಅದೇ ಲೆಕ್ಕ. ಜೊತೆಗೆ ಚಂಡಮಾರುತಗಳು ಆಗಸ್ಟ್ ಸೆಪ್ಟೆಂಬರಲ್ಲಿ ಹೆಚ್ಚಾಗಿ ಉತ್ತರದ ಕಡೆ ನುಗ್ಗೋವು, ಅಕ್ಟೋಬರ್ ನವೆಂಬರ್ ಹೊತ್ತಿಗೆ ಕೆಳಗಿಳಿದು ಮಧ್ಯದ ಕರಾವಳಿಗೆ ಬರ್ತವೆ.

ಇನ್ನೊಂದು ವಿಷಯ, ಅಲ್ಲಿ ಬೆಟ್ಟಕ್ಕೂ ಸಮುದ್ರಕ್ಕೂ ದೂರ ಕಮ್ಮಿ, ನದಿಗಳೆಲ್ಲಾ ಗಿಡ್ಡ. ಬೆಟ್ಟದಲ್ಲಿ ರಾತ್ರಿ ಸುರಿದ ಮಳೆ ಬೆಳಗ್ಗೆ ಹೊತ್ತಿಗೆ ಊರಲ್ಲಿರುತ್ತೆ. ಹೊಯಿ ಆನ್ ಊರು ಥು ಬಾನ್ ನದಿ ಸಮುದ್ರ ಸೇರೋ ಕಡೆನೇ ಇದೆ, ಹಳೇ ಬಂದರು ಅದು. ಅಲ್ಲಿನ ಹಳೇ ಮರದ ಮನೆಗಳಲ್ಲಿ ಮೇಲ್ಮಹಡಿ ನೆಲದಲ್ಲೇ ಒಂದು ಕಿಂಡಿ ಬಿಟ್ಟಿರ್ತಾರೆ, ನೆರೆ ಬಂದಾಗ ಸಾಮಾನೆಲ್ಲಾ ಹಗ್ಗ ಕಟ್ಟಿ ಮೇಲಕ್ಕೆ ಎಳ್ಕೊಳ್ಳೋಕೆ. ಗೋಡೆ ಮೇಲೆ ಯಾವ ವರ್ಷ ನೀರು ಎಲ್ಲಿವರೆಗೆ ಬಂದಿತ್ತು ಅಂತ ಗುರುತು ಹಾಕಿಟ್ಟಿರೋ ಮನೆನೂ ಇದೆ. ಅಂದ್ರೆ ಪ್ರವಾಹ ಅಲ್ಲಿ ಅಪರೂಪದ ಘಟನೆ ಅಲ್ಲ, ಮನೆ ಕಟ್ಟೋವಾಗಲೇ ಅದನ್ನ ಲೆಕ್ಕಕ್ಕೆ ತಗೊಂಡಿದಾರೆ. 2020ರ ಅಕ್ಟೋಬರಲ್ಲಿ ಮಧ್ಯ ವಿಯೆಟ್ನಾಂನ ಬಹಳಷ್ಟು ಭಾಗ ಮುಳುಗಿತ್ತು, 2025ರ ಅಕ್ಟೋಬರ್ ಕೊನೆಗೆ ಅದೇ ಮಧ್ಯ ಭಾಗದ ಹುಯೆ ಊರು ಮತ್ತೆ ಹೊಯಿ ಆನ್ ಎರಡೂ ಮುಳುಗಿದ್ವು.

ನಾನೂ ಒಂದ್ಸಲ ಸಿಕ್ಕಿಹಾಕ್ಕೊಂಡಿದೀನಿ. 2017ರ ನವೆಂಬರ್ ಮೊದಲ ವಾರ, ಡಾಮ್ರೇ ಚಂಡಮಾರುತ ಬಂದ ಹೊತ್ತು, ಹದಿನಾರು ಜನರ ಗುಂಪು ನಂದು, ಅದ್ರಲ್ಲಿ ಆರು ಜನ ಅರವತ್ತು ದಾಟಿದವರು. ಸಾಯಂಕಾಲ ಬೀದಿಲಿ ಕಾಫಿ ಕುಡಿದು ಮಲಗಿದ್ವಿ, ಬೆಳಗ್ಗೆ ಎದ್ದು ನೋಡಿದ್ರೆ ಅದೇ ಬೀದಿಲಿ ದೋಣಿ ಹೋಗ್ತಿತ್ತು. ಯಾರಿಗೂ ಏನೂ ಆಗ್ಲಿಲ್ಲ, ಹೋಟೆಲ್ ಹುಡುಗ್ರು ಚೂರೂ ಗಾಬರಿ ಇಲ್ದೆ ಕುರ್ಚಿ ಮೇಜು ಮೇಲಕ್ಕೆ ಸಾಗಿಸಿ, ನಮ್ಗೆ ಗ್ಯಾಸ್ ಒಲೆ ಮೇಲೆ ಅನ್ನ ಮಾಡ್ಕೊಟ್ರು, ಆದ್ರೆ ಎರಡು ದಿನ ಕರೆಂಟಿಲ್ದೆ ಮೊದಲನೇ ಮಹಡಿಲಿ ಕೂತಿದ್ದ ಆ ಹಿರಿಯರ ಮುಖ ನಂಗೆ ಇನ್ನೂ ಮರೆತಿಲ್ಲ. ಆಮೇಲಿಂದ ಅಕ್ಟೋಬರ್ ನವೆಂಬರಲ್ಲಿ ವಯಸ್ಸಾದವರು ಇರೋ ಗುಂಪನ್ನ ನಾನು ಮಧ್ಯದ ಕರಾವಳಿಗೆ ಕರ್ಕೊಂಡು ಹೋಗಲ್ಲ. ಪ್ರತಿ ಅಕ್ಟೋಬರೂ ಮುಳುಗುತ್ತೆ ಅಂತ ಹೇಳ್ತಿಲ್ಲ, ಬಿಸಿಲು ಬಿದ್ದ ವಾರಗಳನ್ನೂ ನೋಡಿದೀನಿ. ಆದ್ರೆ ಮುಂಚೆನೇ ಗೊತ್ತಾಗೋ ದಾರಿ ಇಲ್ಲ, ನೀವು ಟಿಕೆಟ್ ಬುಕ್ ಮಾಡೋದು ಮೂರು ತಿಂಗಳ ಮೊದ್ಲು, ಮಳೆ ಮುನ್ಸೂಚನೆ ಸಿಗೋದು ಒಂದು ವಾರದ ಮೊದ್ಲು.

ಹಾಗಾದ್ರೆ ಅದೇ ಅಕ್ಟೋಬರಲ್ಲಿ ಉಳಿದ ಕಡೆ ಹೇಗಿರುತ್ತೆ? ಉತ್ತರದಲ್ಲಿ, ಅಂದ್ರೆ ಹನೋಯ್, ನಿನ್ ಬಿನ್, ಹಾ ಲಾಂಗ್ ಕಡೆ, ವರ್ಷದ ಅತ್ಯುತ್ತಮ ಸಮಯ ಅದು. ಸೆಕೆ ಇಳಿದಿರುತ್ತೆ, ಮಳೆ ಕಮ್ಮಿ ಆಗಿರುತ್ತೆ, ಬೆಳಗ್ಗೆ ಹೊತ್ತು ಹೋನ್ ಕಿಯೆಮ್ ಕೆರೆ ಸುತ್ತ ನಡೆಯೋಕೆ ಮಲೆನಾಡಿನ ದೀಪಾವಳಿ ಹೊತ್ತಿನ ಹವಾ ಇದ್ದ ಹಾಗಿರುತ್ತೆ. ಸೈಗಾನಲ್ಲಿ ಮಳೆಗಾಲ ಇನ್ನೂ ಮುಗಿದಿರಲ್ಲ, ಆದ್ರೆ ಅದು ದಿನಪೂರ್ತಿ ಹಿಡಿಯೋ ಮಳೆ ಅಲ್ಲ, ಹೆಚ್ಚಾಗಿ ಮಧ್ಯಾಹ್ನ ಮೇಲೆ ಒಂದು ಗಂಟೆ ಜೋರಾಗಿ ಹೊಡೆದು ನಿಲ್ಲುತ್ತೆ, ಬೆಂಗಳೂರಿನ ಮಳೆ ಥರ. ಫು ಕ್ವಾಕ್ ಇರೋದು ಥಾಯ್ಲೆಂಡ್ ಕೊಲ್ಲಿಲಿ, ಪಶ್ಚಿಮಕ್ಕೆ ಮುಖ ಮಾಡಿರೋ ಬೀಚ್‌ಗಳು, ನೈಋತ್ಯ ಗಾಳಿ ಪೂರ್ತಿ ನಿಲ್ಲೋವರೆಗೆ ಸಮುದ್ರ ಕೆಂಪಗೆ ಕಲಕಿರುತ್ತೆ. ನವೆಂಬರ್ ಕೊನೆಯಿಂದ ಏಪ್ರಿಲ್‌ವರೆಗೆ ಅದು ಚಂದ. ಅಕ್ಟೋಬರಲ್ಲಿ ಎರಡು ರಾತ್ರಿ ಅಲ್ಲಿ ದುಡ್ಡು ಹಾಕೋದು ಬೇಡ.

ಈಗ ನಿಮ್ಮ ಏಜೆಂಟ್ ಪ್ಲಾನ್‌ಗೆ ಬರೋಣ. ಹವಾಮಾನ ಬಿಡಿ, ಆ ಪ್ಲಾನಿನ ದೊಡ್ಡ ತೊಂದ್ರೆ ಬೇರೇನೇ ಇದೆ. 9 ರಾತ್ರಿಲಿ ಆರು ಊರು. ಒಂದೊಂದು ಸಲ ಊರು ಬದಲಾಯಿಸೋಕೂ ಕನಿಷ್ಠ ಅರ್ಧ ದಿನ ಹೋಗುತ್ತೆ: ಬ್ಯಾಗ್ ಕಟ್ಟೋದು, ಹೋಟೆಲ್ ಲೆಕ್ಕ ಮುಗಿಸೋದು, ಏರ್‌ಪೋರ್ಟಿಗೆ ಎರಡು ಗಂಟೆ ಮೊದ್ಲು, ವಿಮಾನ ತಡ, ಆ ಕಡೆ ಮತ್ತೆ ಟ್ಯಾಕ್ಸಿ, ರೂಮು ಮಧ್ಯಾಹ್ನ ಎರಡಕ್ಕೇ ಕೊಡೋದು. ಹನೋಯಿಂದ ಸೈಗಾನ್‌ಗೆ ಹಾರೋಕೆ ಎರಡು ಗಂಟೆ ಚಿಲ್ರೆ ಅಷ್ಟೇ, ಆದ್ರೆ ಹೋಟೆಲ್ ಬಾಗಿಲಿಂದ ಹೋಟೆಲ್ ಬಾಗಿಲಿಗೆ ಏಳು ಗಂಟೆ. ಸಾಪಾ ಅಂತೂ ಒಂದು ರಾತ್ರಿಗೆ ಅಂತ ಬರೆದಿದಾರೆ, ರಸ್ತೆಲಿ ಹೋಗೋಕೆ ಐದಾರು ಗಂಟೆ, ಬರೋಕೆ ಐದಾರು ಗಂಟೆ, ಅಪ್ಪಂಗೆ ಮಂಡಿ ನೋವು ಇಟ್ಕೊಂಡು! ಜೊತೆಗೆ ಸಾಪಾದ ಮೆಟ್ಟಿಲು ಗದ್ದೆಗಳು ಹೊನ್ನಿನ ಬಣ್ಣಕ್ಕೆ ತಿರುಗೋದು ಸೆಪ್ಟೆಂಬರಲ್ಲಿ, ಅಕ್ಟೋಬರ್ ಎರಡನೇ ವಾರಕ್ಕೆ ಕೊಯ್ಲು ಮುಗಿದು ಬರೀ ಕೂಳೆ ಉಳಿದಿರುತ್ತೆ. ಜಾಹೀರಾತಿನ ಫೋಟೋ ನೋಡಿ ಹೋದವರು ಬೇಜಾರಾಗಿ ವಾಪಸ್ ಬಂದಿದಾರೆ. ಬೆಟ್ಟದ ನೋಟ, ಮೋಂಗ್ ಜನರ ಊರುಗಳು, ಫಾನ್ಸಿಪಾನ್ ಶಿಖರದ ಕೇಬಲ್ ಕಾರು ಇದಕ್ಕೆ ಹೋಗೋದಾದ್ರೆ ಹೋಗಿ, ಆದ್ರೆ ಎರಡು ರಾತ್ರಿ ಇಲ್ದೆ ಬೇಡ.

ಸ್ಲೀಪರ್ ಬಸ್ಸಿನ ಬಗ್ಗೆ ಏಜೆಂಟ್ ಏನಾದ್ರೂ ಹೇಳಿದ್ರೆ ಬೇಡ ಅನ್ನಿ. ಮಲಗೋ ಜಾಗ ನಮ್ಮ ಬಸ್ಸಿಗಿಂತ ಸಪೂರ, ಅಲ್ಲಿನವರ ಮೈಕಟ್ಟಿಗೆ ತಕ್ಕ ಹಾಗೆ ಮಾಡಿರೋದು, ಮೇಲಿನ ಬರ್ತ್‌ಗೆ ಏಣಿ ಹತ್ಬೇಕು, ರಾತ್ರಿ ಬಾತ್‌ರೂಮಿಗೆ ಅಂತ ಬೇಕಾದಾಗ ನಿಲ್ಲಿಸಲ್ಲ. ರೈಲು ಚೆನ್ನಾಗಿದೆ, ಫ್ರೆಂಚರು 1936ರಲ್ಲಿ ಪೂರ್ತಿ ಮಾಡಿದ ಹನೋಯ್-ಸೈಗಾನ್ ಹಳಿ 1,726 ಕಿಲೋಮೀಟರ್, ಪೂರ್ತಿ ಹೋದ್ರೆ ಮೂವತ್ತು ಗಂಟೆ ದಾಟುತ್ತೆ. ಅಷ್ಟು ದೂರ ಕೂರೋದೇನೂ ಬೇಡ. ಹುಯೆಯಿಂದ ದಾ ನಾಂಗ್‌ಗೆ ಎರಡೂವರೆ ಮೂರು ಗಂಟೆ ಪ್ರಯಾಣ ಇದೆಯಲ್ಲ, ಹಾಯ್ ವಾನ್ ಘಾಟಿನ ಕೆಳಗೆ ಸಮುದ್ರಕ್ಕೆ ಅಂಟಿಕೊಂಡೇ ಹೋಗುತ್ತೆ, ಒಳ್ಳೇ ಹವಾ ಇದ್ದಾಗ ಅದೊಂದು ಮಾಡ್ಲೇಬೇಕು. ಹಾಯ್ ಅಂದ್ರೆ ಸಮುದ್ರ, ವಾನ್ ಅಂದ್ರೆ ಮೋಡ. ಉತ್ತರದ ಚಳಿಗಾಳಿನ ಆ ಘಾಟಿ ತಡೆದು ನಿಲ್ಲಿಸುತ್ತೆ, ಹುಯೆ ಕಡೆ ಸ್ವೆಟರ್ ಹಾಕ್ಕೊಂಡು ರೈಲು ಹತ್ತಿ ದಾ ನಾಂಗಲ್ಲಿ ಬಿಸಿಲಿಗೆ ಇಳಿದಿದೀನಿ ನಾನು.

ನಿಮ್ಗೆ ಇರೋ ದಾರಿಗಳು ಏನು ಅಂತ ಹೇಳ್ತೀನಿ, ನನ್ನ ಒಲವು ಯಾವ ಕಡೆ ಅನ್ನೋದನ್ನೂ ಮುಚ್ಚಿಡಲ್ಲ.

ದಸರಾ ರಜೆಲೇ ಹೋಗ್ಬೇಕು ಅಂತಿದ್ರೆ ಮಧ್ಯ ಭಾಗ ಪೂರ್ತಿ ಬಿಟ್ಟುಬಿಡಿ. ಹನೋಯಲ್ಲಿ ಇಳಿದು ಅಲ್ಲಿ 2 ರಾತ್ರಿ, ನಿನ್ ಬಿನ್ 2, ಹಾ ಲಾಂಗ್ ಹಡಗಲ್ಲಿ 1, ಮತ್ತೆ ಹನೋಯ್ 1, ಆಮೇಲೆ ಸೈಗಾನ್‌ಗೆ ಹಾರಿ 3 ರಾತ್ರಿ, ಅದ್ರಲ್ಲಿ ಒಂದು ದಿನ ಮೆಕಾಂಗ್ ನದಿ ಕಡೆ. ಬೆಂಗಳೂರಿಂದ ಎರಡೂ ಊರಿಗೆ ನೇರ ವಿಮಾನ ಬಂದಿದೆ, ವಾರದಲ್ಲಿ ಯಾವ ದಿನ ಅನ್ನೋದು ಬದಲಾಗ್ತಿರುತ್ತೆ ನೋಡ್ಕೊಳ್ಳಿ. ಹನೋಯಲ್ಲಿ ಇಳಿದು ಸೈಗಾನಿಂದ ಹೊರಡೋ ಟಿಕೆಟ್ ತಗೊಳ್ಳಿ, ಇಳಿದ ಊರಿಗೇ ವಾಪಸ್ ಬರೋ ಟಿಕೆಟ್ ತಗೊಂಡ್ರೆ ಒಂದು ದಿನ ಸುಮ್ನೆ ದಂಡ.

ನಿನ್ ಬಿನ್ ಹೆಸರು ನಿಮ್ಮ ಏಜೆಂಟ್ ಪಟ್ಟಿಲೇ ಇಲ್ಲ, ಅದು ನಂಗೆ ಬೇಜಾರು. ಹನೋಯಿಂದ 90 ಕಿಲೋಮೀಟರ್ ಚಿಲ್ರೆ, ಎರಡು ಗಂಟೆ ದಾರಿ. ಹಾ ಲಾಂಗಲ್ಲಿ ಸಮುದ್ರದ ಮಧ್ಯೆ ಸುಣ್ಣಕಲ್ಲಿನ ಗುಡ್ಡಗಳು ಎದ್ದಿರ್ತವಲ್ಲ, ಇಲ್ಲಿ ಅದೇ ಗುಡ್ಡಗಳು ಗದ್ದೆ ನಡುವೆ. ಟ್ರಾಂಗ್ ಆನ್‌ನಲ್ಲಿ ದೋಣಿ ಗುಹೆಗಳ ಒಳಗೇ ನುಗ್ಗಿ ಆ ಕಡೆ ಹೊರಬರುತ್ತೆ, ತಾಮ್ ಕೊಕ್‌ನಲ್ಲಿ ದೋಣಿಯವರು ಹಿಂದಕ್ಕೆ ಒರಗಿ ಕಾಲಲ್ಲಿ ಹುಟ್ಟು ಹಾಕ್ತಾರೆ, ನಿಮ್ಮ ಮಗಳು ಅದನ್ನ ನೋಡ್ತಾ ಕೂತುಬಿಡ್ತಾಳೆ. ಅಪ್ಪಂಗೆ ನಡಿಗೆ ಇಲ್ಲ, ಹತ್ತೋದಿಲ್ಲ. ಆದ್ರೆ ದೋಣಿಲಿ ಒರಗೋಕೆ ಸರಿಯಾದ ಬೆನ್ನು ಇರಲ್ಲ, ಟ್ರಾಂಗ್ ಆನ್ ಸುತ್ತು ಎರಡೂವರೆ ಮೂರು ಗಂಟೆ ಆಗುತ್ತೆ, ಅದಕ್ಕೆ ಅಪ್ಪಂಗೆ ತಾಮ್ ಕೊಕ್ ಸಣ್ಣ ಸುತ್ತೇ ಸಾಕು, ಒಂದು ಮಡಚೋ ದಿಂಬು ಇಟ್ಕೊಳ್ಳಿ. ಮುವಾ ಗುಹೆ ಅಂತ ಒಂದು ಜಾಗಕ್ಕೆ ಎಲ್ರೂ ಕರ್ಕೊಂಡು ಹೋಗ್ತಾರೆ, ಸುಮಾರು 500 ಮೆಟ್ಟಿಲು, ಅಪ್ಪ ಕೆಳಗೇ ತಾವರೆ ಕೊಳದ ಹತ್ರ ಕೂರ್ಲಿ.

ಈ ದಾರಿಲೂ ರಿಸ್ಕ್ ಇಲ್ದೇ ಇಲ್ಲ. ಹಾ ಲಾಂಗ್ ಹಡಗು ಹೊರಡೋದು ಬಿಡೋದು ಬಂದರಿನ ಅಧಿಕಾರಿಗಳ ಕೈಲಿದೆ, ಗಾಳಿ ಎಚ್ಚರಿಕೆ ಬಂದ್ರೆ ಎಲ್ಲಾ ಹಡಗೂ ನಿಲ್ಲಿಸ್ತಾರೆ. 2024ರ ಸೆಪ್ಟೆಂಬರಲ್ಲಿ ಯಾಗಿ ಚಂಡಮಾರುತ ನೇರ ಆ ಕರಾವಳಿಗೇ ಹೊಡೆದಿತ್ತು. ಅಕ್ಟೋಬರ್ ಮಧ್ಯಕ್ಕೆ ಅಂಥದ್ದು ಕಮ್ಮಿ, ಆದ್ರೂ ಹಡಗಿನ ರಾತ್ರಿನ ಯಾವತ್ತೂ ವಿಮಾನದ ಹಿಂದಿನ ದಿನಕ್ಕೆ ಇಡ್ಬೇಡಿ, ಆಮೇಲೆ ಹಡಗು ರದ್ದಾದ್ರೆ ಪೂರ್ತಿ ದುಡ್ಡು ವಾಪಸ್ ಕೊಡ್ತೀವಿ ಅಂತ ಬರವಣಿಗೆಲಿ ತಗೊಳ್ಳಿ, ಬಾಯಿಮಾತಲ್ಲಿ ಅಲ್ಲ. ಕ್ಯಾಬಿನ್ ಕೇಳೋವಾಗ ಕೆಳಗಿನ ಅಂತಸ್ತಿಂದು ಕೇಳಿ, ಊಟದ ಹಾಲಿಗೆ ಎಷ್ಟು ಮೆಟ್ಟಿಲು ಅಂತಲೂ ಕೇಳಿ, ಅಲ್ಲಿನ ಮೆಟ್ಟಿಲು ಕಡಿದಾಗಿರ್ತವೆ.

ಎರಡನೇದು, ಬರೀ ಉತ್ತರ. ಸೈಗಾನ್ ಬಿಟ್ಟು ಆ ಮೂರು ರಾತ್ರಿನ ಸಾಪಾಗೆ 2, ಹನೋಯ್‌ಗೆ 1 ಅಂತ ಹಂಚ್ಕೊಳ್ಳಿ. ವಿಮಾನ ಹತ್ತಿ ಇಳಿಯೋ ತಾಪತ್ರಯ ಕಮ್ಮಿ, ರಸ್ತೆ ಪ್ರಯಾಣ ಜಾಸ್ತಿ. ಮಂಡಿ ನೋವಿರೋರಿಗೆ ನಾನಾದ್ರೆ ಇದನ್ನ ಹೇಳಲ್ಲ.

ಮೂರನೇದು, ಏನೇ ಆಗ್ಲಿ ಹೊಯಿ ಆನ್ ನೋಡ್ಲೇಬೇಕು ಅನ್ನೋದು. ಹಾಗಿದ್ರೆ ಉಳ್ಕೊಳ್ಳೋದು ದಾ ನಾಂಗಲ್ಲಿ, ಮೇಲಿನ ಅಂತಸ್ತಿನ ರೂಮು, ಅಲ್ಲಿಂದ 30 ಕಿಲೋಮೀಟರ್ ಹೊಯಿ ಆನ್, ಬೆಳಗ್ಗೆ ಹವಾ ನೋಡಿ ಹೋಗಿ ಸಂಜೆ ವಾಪಸ್. ಹೋಟೆಲ್ ಬುಕಿಂಗ್ ಎಲ್ಲಾ ಕೊನೇ ದಿನದವರೆಗೆ ರದ್ದು ಮಾಡೋ ಥರದ್ದೇ ಇರ್ಲಿ. ದಾ ನಾಂಗಿಗೂ ಗ್ಯಾರಂಟಿ ಇಲ್ಲ, 2022ರ ಅಕ್ಟೋಬರಲ್ಲಿ ಆ ನಗರನೂ ನೀರಲ್ಲಿ ಮುಳುಗಿತ್ತು. ದೊಡ್ಡ ಕೈಗಳು ಹಿಡ್ಕೊಂಡಿರೋ ಬಂಗಾರದ ಸೇತುವೆ ಫೋಟೋ ನೋಡಿರ್ತೀರಿ, ಬಾ ನಾ ಬೆಟ್ಟದ ಮೇಲೆ 2018ರಲ್ಲಿ ಕಟ್ಟಿದ್ದು, ಅದು ಮಳೆಗಾಲದಲ್ಲಿ ಎಷ್ಟೋ ದಿನ ಮಂಜಲ್ಲಿ ಕಾಣೋದೇ ಇಲ್ಲ.

ನಾಲ್ಕನೇದು, ನಂಗೆ ಇಷ್ಟವಾದದ್ದು: ಪ್ರವಾಸನ ಏಪ್ರಿಲ್‌ಗೆ ತಳ್ಳಿ. ಮಗಳ ಪರೀಕ್ಷೆ ಮುಗಿದ ಕೂಡ್ಲೆ, ಏಪ್ರಿಲ್ ಎರಡು ಮೂರನೇ ವಾರ. ಉದ್ದ ದೇಶದ ಮೂರೂ ಭಾಗ ಒಂದೇ ಸಲ ಪರವಾಗಿಲ್ಲ ಅನ್ನೋ ಥರ ಇರೋದು ಮಾರ್ಚ್ ಏಪ್ರಿಲಲ್ಲಿ ಮಾತ್ರ. ಉತ್ತರದಲ್ಲಿ ಫೆಬ್ರವರಿ ಮಾರ್ಚಿನ ಜಿಟಿಜಿಟಿ ಹನಿ ಮತ್ತೆ ಮಂಜು ಕಮ್ಮಿ ಆಗ್ತಾ ಬಂದಿರುತ್ತೆ, ಮಧ್ಯದಲ್ಲಿ ಒಣ ಹವಾ, ಸಮುದ್ರ ಶಾಂತ. ಸೈಗಾನಲ್ಲಿ ಮಾತ್ರ ಬಿಸಿಲು ಹೊಡೆದುಹಾಕುತ್ತೆ, 35 ಡಿಗ್ರಿ ದಾಟುತ್ತೆ, ನಮ್ಮ ರಾಯಚೂರಿನವರಿಗೆ ಅದು ಲೆಕ್ಕಕ್ಕಿಲ್ಲ, ಶಿವಮೊಗ್ಗದವರಿಗೆ ಸ್ವಲ್ಪ ಕಷ್ಟ. ಏಪ್ರಿಲ್ 30 ಮತ್ತೆ ಮೇ 1 ಅಲ್ಲಿ ದೊಡ್ಡ ರಜೆ, ದೇಶನೇ ಬೀಚಿಗೆ ಇಳಿದಿರುತ್ತೆ, ಅದರ ಮೊದ್ಲೇ ವಾಪಸ್ ಬಂದುಬಿಡಿ. ಹಾಗೇ ಜನವರಿ ಕೊನೆ ಫೆಬ್ರವರಿಲಿ ಬರೋ ಅವರ ಹೊಸ ವರ್ಷದ ಟೆಟ್ ಹಬ್ಬದ ವಾರದಲ್ಲಂತೂ ಹೋಗ್ಲೇಬೇಡಿ, ಅಂಗಡಿ ಮುಚ್ಚಿರ್ತವೆ, ರೈಲು ಬಸ್ಸಲ್ಲಿ ಸೀಟಿರಲ್ಲ.

ಏಪ್ರಿಲಲ್ಲಿ ಹೋದ್ರೆ ಅಪ್ಪ ಅಮ್ಮಂಗೆ ತೋರಿಸೋಕೆ ಇನ್ನೊಂದು ಜಾಗ ಸಿಗುತ್ತೆ, ಮಿ ಸನ್. ಹೊಯಿ ಆನ್‌ನಿಂದ ಒಂದು ಗಂಟೆ ದಾರಿ. ಹಿಂದೆ ಆ ಭಾಗ ಆಳ್ತಿದ್ದ ಚಂಪಾ ರಾಜರು ಕಟ್ಟಿದ ಇಟ್ಟಿಗೆ ಶಿವಾಲಯಗಳು, ನಾಲ್ಕನೇ ಶತಮಾನದಲ್ಲಿ ಭದ್ರವರ್ಮ ಅನ್ನೋ ರಾಜ ಭದ್ರೇಶ್ವರ ಅಂತ ಶಿವನ್ನ ಅಲ್ಲಿ ಸ್ಥಾಪನೆ ಮಾಡಿದ, ಸಂಸ್ಕೃತ ಶಾಸನಗಳೂ ಇವೆ. 1969ರಲ್ಲಿ ಅಮೆರಿಕದ ಬಾಂಬು ಬಿದ್ದು ಬಹಳಷ್ಟು ಹಾಳಾಯ್ತು. ನಮ್ಮ ಭಾರತೀಯ ಪುರಾತತ್ವ ಇಲಾಖೆಯವರು ಅಲ್ಲಿ ಜೀರ್ಣೋದ್ಧಾರ ಮಾಡ್ತಿದ್ದಾಗ 2020ರಲ್ಲಿ ಒಂಬತ್ತನೇ ಶತಮಾನದ ಏಕಶಿಲೆಯ ಶಿವಲಿಂಗ ಸಿಕ್ತು. ಕಾಡಿನ ಮಧ್ಯೆ, ಸುತ್ತ ಬೆಟ್ಟ, ಮುರಿದ ಗೋಪುರದ ಒಳಗೆ ಪಾಣಿಪೀಠ. ನನ್ನ ಗುಂಪಲ್ಲಿ ಬಂದಿದ್ದ ಒಬ್ಬ ಅಜ್ಜಿ ಅಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಯಾರು ಏನೂ ಹೇಳ್ದೇನೆ, ಸೆರಗು ಹೊದ್ದು ಕೈ ಮುಗಿದು ನಿಂತ್ಕೊಂಡ್ರು.

ಊಟದ ವಿಷಯ. ಪಕ್ಕದ ಮನೆಯವರು ಹೇಳಿದ್ದು ಅರ್ಧಕ್ಕಿಂತ ಕಮ್ಮಿ ನಿಜ. ನಾಯಿ ಹಾವು ತಿನ್ನೋರು ಇದಾರೆ, ಆದ್ರೆ ಅದು ಪ್ರತಿ ಹೋಟೆಲಲ್ಲಿ ಸಿಗೋ ಪದಾರ್ಥ ಅಲ್ಲ, ಗೊತ್ತಿಲ್ದೆ ನಿಮ್ಮ ತಟ್ಟೆಗೆ ಬರಲ್ಲ. ಗೊತ್ತಿಲ್ದೆ ಬರೋದು ಮೀನಿನ ಸಾಸು, ನುವೊಕ್ ಮಾಮ್ ಅಂತಾರೆ, ನಮ್ಗೆ ಉಪ್ಪು ಹೇಗೋ ಅವ್ರಿಗೆ ಅದು. ಬರೀ ತರಕಾರಿ ಪಲ್ಯ ಅಂತ ಆರ್ಡರ್ ಮಾಡಿದ್ರೂ ಎರಡು ಚಮಚ ಅದು ಬಿದ್ದಿರುತ್ತೆ. ಅದಕ್ಕೆ "ವೆಜಿಟೇರಿಯನ್" ಅನ್ನೋ ಪದ ಬಿಟ್ಟು "ಚಾಯ್" ಅನ್ನೋ ಪದ ಕಲಿತ್ಕೊಳ್ಳಿ. ಬೌದ್ಧರ ಸಸ್ಯಾಹಾರಕ್ಕೆ ಆ ಹೆಸರು, "ಕೋಮ್ ಚಾಯ್" ಅಂತ ಬೋರ್ಡ್ ಇರೋ ಪುಟ್ಟ ಹೋಟೆಲುಗಳು ಎಲ್ಲಾ ಊರಲ್ಲೂ ಇವೆ. ಅವರ ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತೆ ಹದಿನೈದನೇ ದಿನ, ಅಂದ್ರೆ ಹತ್ರ ಹತ್ರ ನಮ್ಮ ಪಾಡ್ಯ ಮತ್ತೆ ಹುಣ್ಣಿಮೆ, ತುಂಬಾ ಜನ ಚಾಯ್ ಊಟನೇ ಮಾಡೋದು. ನಿಮ್ಮಮ್ಮಂಗೆ ಒಳ್ಳೇ ಸುದ್ದಿ ಏನಪ್ಪಾ ಅಂದ್ರೆ, ಕಟ್ಟುನಿಟ್ಟಿನ ಬೌದ್ಧ ಅಡುಗೆಲಿ ಈರುಳ್ಳಿ ಬೆಳ್ಳುಳ್ಳಿನೂ ಹಾಕಲ್ಲ. ಎಲ್ಲಾ ಕಡೆ ಅಷ್ಟು ಮಡಿ ಇರಲ್ಲ, ಒಂದು ಚೀಟಿಲಿ ಅಲ್ಲಿನ ಭಾಷೇಲೇ ಈರುಳ್ಳಿ ಬೆಳ್ಳುಳ್ಳಿ ಮೊಟ್ಟೆ ಬೇಡ ಅಂತ ಬರೆಸ್ಕೊಂಡು ತೋರಿಸಿ. ಇನ್ನೊಂದು ಎಚ್ಚರ ಹೇಳ್ಲೇಬೇಕು: ಚಾಯ್ ಹೋಟೆಲಲ್ಲಿ ಸೋಯಾದಲ್ಲಿ ಮೀನು ಸಿಗಡಿ ಆಕಾರದಲ್ಲೇ ಮಾಡಿ ಬಡಿಸ್ತಾರೆ, ನೋಡಿದ ಕೂಡ್ಲೇ ಅಮ್ಮ ಎದ್ದುಹೋಗ್ಬಾರ್ದು, ಮೊದ್ಲೇ ಹೇಳಿಟ್ಟಿರಿ. ಮೊಸರು ಸಿಹಿಯಾಗಿರುತ್ತೆ, ಮೊಸರನ್ನಕ್ಕೆ ಆಗಲ್ಲ. ಅನ್ನ ಎಲ್ಲಾ ಕಡೆ ಸಿಗೋದ್ರಿಂದ ಚಟ್ನಿಪುಡಿ, ಗೊಜ್ಜವಲಕ್ಕಿ ಪುಡಿ, ಕೋಡುಬಳೆ ಇಷ್ಟು ಬ್ಯಾಗಲ್ಲಿದ್ರೆ ಒಂಬತ್ತು ದಿನ ಕಳೆಯುತ್ತೆ. ಹನೋಯ್, ಸೈಗಾನ್ ಎರಡರಲ್ಲೂ ಇಂಡಿಯನ್ ಹೋಟೆಲ್ ಇವೆ, ಸೈಗಾನ್ ನಡುಮಧ್ಯೆ ಹಳೇ ಮಾರಿಯಮ್ಮನ ಗುಡಿನೂ ಇದೆ, ತಮಿಳರು ಕಟ್ಟಿದ್ದು, ಈಗ ವಿಯೆಟ್ನಾಂ ಜನನೇ ಊದುಬತ್ತಿ ಹಿಡ್ಕೊಂಡು ಬರ್ತಾರೆ. ಕಾಫಿ ಬಗ್ಗೆ ಚಿಂತೆ ಬೇಡ, ಕಾಫಿ ಬೆಳೆಯೋದ್ರಲ್ಲಿ ಪ್ರಪಂಚದಲ್ಲಿ ಎರಡನೇ ಸ್ಥಾನ ಅವ್ರದ್ದು, ಹೆಚ್ಚಿನದು ರೋಬಸ್ಟಾ, ನಮ್ಮ ಡಿಕಾಕ್ಷನ್ ಥರನೇ ಗಟ್ಟಿಯಾಗಿ ಇಳಿಸ್ತಾರೆ, ಹಾಲಿನ ಬದಲು ಮಿಲ್ಕ್‌ಮೇಡ್ ಥರದ ಸಿಹಿ ಹಾಲು ಹಾಕ್ತಾರೆ ಅಷ್ಟೇ.

ವೀಸಾ: ಫು ಕ್ವಾಕ್‌ಗೆ ವೀಸಾ ಬೇಡ ಅನ್ನೋದು ನೇರ ಆ ದ್ವೀಪಕ್ಕೇ ಇಳಿದು ಅಲ್ಲೇ ಇದ್ದು ವಾಪಸ್ ಬರೋರಿಗೆ ಮಾತ್ರ, 30 ದಿನದವರೆಗೆ. ಹನೋಯ್ ನೋಡ್ಕೊಂಡು ಹೋಗೋ ನಿಮ್ಗೆ ಅದು ಅನ್ವಯಿಸಲ್ಲ. 2023ರ ಆಗಸ್ಟ್‌ನಿಂದ 90 ದಿನದ ಇ-ವೀಸಾ ಕೊಡ್ತಿದಾರೆ, ಒಂದು ಸಲ ಪ್ರವೇಶಕ್ಕೆ 25 ಡಾಲರ್. ವಿಳಾಸದ ಕೊನೆಲಿ ಡಾಟ್ ಗವ್ ಡಾಟ್ ವಿಎನ್ ಇರೋ ಸರ್ಕಾರಿ ಸೈಟಲ್ಲೇ ಮಾಡಿ, ಅದೇ ಥರ ಕಾಣೋ ಬೇರೆ ಸೈಟುಗಳು ಎರಡರಷ್ಟು ಮೂರರಷ್ಟು ದುಡ್ಡು ಕೀಳ್ತವೆ. ನಮ್ಮ ಕಡೆಯವರಿಗೆ ಸಮಸ್ಯೆ ಆಗೋದು ಹೆಸರಲ್ಲಿ. ಅಪ್ಪನ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಖಾಲಿ ಇರುತ್ತೆ, ಇನಿಶಿಯಲ್ ಒಂದು ಕಡೆ ಬಿಡಿಸಿ ಬರೆದಿರ್ತಾರೆ, ಟಿಕೆಟಲ್ಲಿ ಒಂದು ಥರ, ವೀಸಾದಲ್ಲಿ ಒಂದು ಥರ, ಕೌಂಟರಲ್ಲಿ ನಿಲ್ಲಿಸಿಬಿಡ್ತಾರೆ. ಪಾಸ್‌ಪೋರ್ಟ್ ಫೋಟೋ ಪುಟದ ತೀರಾ ಕೆಳಗೆ ಬಾಣದ ಗುರುತುಗಳ ಜೊತೆ ಎರಡು ಸಾಲು ಇರುತ್ತಲ್ಲ, ಅಲ್ಲಿ ಹೆಸರು ಹೇಗಿದೆಯೋ ಅದೇ ಕ್ರಮದಲ್ಲಿ ಎಲ್ಲಾ ಕಡೆ ತುಂಬಿ. ಯಾವ ಏರ್‌ಪೋರ್ಟಲ್ಲಿ ಇಳಿತೀರೋ ಅದನ್ನೇ ಫಾರ್ಮಲ್ಲಿ ಆರಿಸಿ.

ಬೈಕ್ ಬೇಡ. ನಿಮ್ಮ ಆಸೆ ಗೊತ್ತಾಗುತ್ತೆ, ಹಾಯ್ ವಾನ್ ಘಾಟಿ ರಸ್ತೆ ಅಂಥದ್ದು, ಆದ್ರೆ ನಮ್ಮ ಆರ್‌ಟಿಓ ಕೊಡೋ ಇಂಟರ್‌ನ್ಯಾಷನಲ್ ಪರ್ಮಿಟ್ 1949ರ ರಸ್ತೆ ಸಂಚಾರ ಒಪ್ಪಂದದ್ದು, ವಿಯೆಟ್ನಾಂ ಒಪ್ಪೋದು 1968ರ ಒಪ್ಪಂದದ್ದನ್ನ. ಬಾಡಿಗೆ ಅಂಗಡಿಯವರು ಏನೂ ಕೇಳಲ್ಲ, ಕೀ ಕೈಗೆ ಕೊಡ್ತಾರೆ, ಆದ್ರೆ ಏನಾದ್ರೂ ಆದಾಗ ಸರಿಯಾದ ಲೈಸೆನ್ಸ್ ಇರ್ಲಿಲ್ಲ ಅಂತ ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರೆ. ಹೆಂಡ್ತಿ ಮಗು ವಯಸ್ಸಾದ ಅಪ್ಪ ಅಮ್ಮ ಎಲ್ರೂ ನಿಮ್ಮನ್ನೇ ನಂಬ್ಕೊಂಡು ಬಂದಿರೋ ಕಡೆ ಅದು ಬೇಡ. ಅಲ್ಲಿನವರೇ ಓಡಿಸೋ ಬೈಕಿನ ಹಿಂದೆ ಕೂತು ಘಾಟಿ ಹತ್ತೋ ಏರ್ಪಾಡು ಇದೆ, ಅದು ಮಾಡಿ. ಊರೊಳಗೆ ಐದು ಜನಕ್ಕೆ ನಮ್ಮ ಓಲಾ ಊಬರ್ ಥರದ ಗ್ರಾಬ್ ಆಪಲ್ಲಿ ಏಳು ಸೀಟಿನ ಕಾರು ಬರುತ್ತೆ. ದುಡ್ಡು ಕೊಡೋವಾಗ ಮಾತ್ರ ನಿಧಾನ, 20,000 ಡಾಂಗ್ ನೋಟೂ 500,000 ಡಾಂಗ್ ನೋಟೂ ಎರಡೂ ನೀಲಿ, ಕತ್ತಲಲ್ಲಿ ಒಂದರ ಬದಲು ಇನ್ನೊಂದು ಕೊಟ್ಟವರು ನನ್ನ ಪ್ರತಿ ಗುಂಪಲ್ಲೂ ಒಬ್ರಾದ್ರೂ ಇರ್ತಾರೆ, ಎರಡನ್ನೂ ಬೇರೆ ಬೇರೆ ಜೇಬಲ್ಲಿಡಿ.

ಕೊನೇದು ಮಗಳ ಲಾಟೀನು. ಏಪ್ರಿಲ್‌ಗೆ ತಳ್ಳೋ ಮನಸಿದ್ರೆ ನಿಮ್ಮನೆ ಪಂಚಾಂಗ ತೆಗೆದು ಶುಕ್ಲ ಚತುರ್ದಶಿ ಯಾವತ್ತು ಅಂತ ನೋಡಿ. ಹೊಯಿ ಆನ್‌ನಲ್ಲಿ ಪ್ರತಿ ಚಾಂದ್ರಮಾನ ತಿಂಗಳ ಹದಿನಾಲ್ಕನೇ ರಾತ್ರಿ ಹಳೇ ಊರಿನ ಕರೆಂಟ್ ದೀಪ ಆರಿಸಿ ಬರೀ ಲಾಟೀನು ಬೆಳಕಲ್ಲಿ ಬಿಡ್ತಾರೆ, ನದಿ ಮೇಲೆ ಕಾಗದದ ದೀಪ ತೇಲಿಬಿಡ್ತಾರೆ. ಅವರ ಕ್ಯಾಲೆಂಡರಿಗೂ ನಮ್ಮದಕ್ಕೂ ಒಂದು ದಿನ ಆಚೆ ಈಚೆ ಆಗ್ಬಹುದು, ಅದಕ್ಕೆ ಅಲ್ಲಿ ಮೂರು ರಾತ್ರಿ ಇಟ್ಕೊಳ್ಳಿ. ದಸರಾಗೇ ಹೋಗೋದು ಅಂತಾದ್ರೆ ಹೊರಡೋ ಮೊದ್ಲೇ ಮಗಳನ್ನ ಕೂರಿಸ್ಕೊಂಡು ಮ್ಯಾಪ್ ತೋರಿಸಿ, ಮಧ್ಯದ ಭಾಗದಲ್ಲಿ ಈಗ ಮಳೆ, ಅದು ಇನ್ನೊಂದ್ಸಲಕ್ಕೆ ಅಂತ ಹೇಳಿ, ಮಕ್ಕಳಿಗೆ ಕಾರಣ ಹೇಳಿದ್ರೆ ಅರ್ಥ ಆಗುತ್ತೆ. ಹನೋಯ್ ಹಳೇ ಪೇಟೆಲಿ ಹಾಂಗ್ ಮಾ ಅಂತ ಬೀದಿ ಇದೆ, ಕಾಗದದ ಸಾಮಾನು ಲಾಟೀನು ಮಾರೋ ಅಂಗಡಿಗಳದ್ದೇ ಸಾಲು, ಅಲ್ಲಿಗೆ ಸಂಜೆ ಕರ್ಕೊಂಡು ಹೋಗಿ ಅವಳ ಕೈಲೇ ಒಂದು ಆರಿಸೋಕೆ ಹೇಳಿ. ರೇಷ್ಮೆ ಬಟ್ಟೆದು ಸಿಕ್ಕಿದ್ರೆ ಅದನ್ನೇ ತಗೊಳ್ಳಿ, ಕೊಡೆ ಥರ ಮಡಚುತ್ತೆ, ಸೂಟ್‌ಕೇಸಲ್ಲಿ ಸೀರೆ ಮಧ್ಯೆ ಇಟ್ರೆ ಶಿವಮೊಗ್ಗವರೆಗೂ ಮುರಿಯಲ್ಲ.